ಮಿತವ್ಯಯ ಯಾರಿಗೆ?

ಬೊಕ್ಕಸದಲ್ಲಿ ಹಣವಿಲ್ಲ, ಪ್ರಜೆಗಳು ಸೈರಣೆಯಿಂದಿರಬೇಕು ಎಂಬ ಮಾತನ್ನು ಅಧಿಕಾರಸ್ಥರ ಬಾಯಿಂದ ನಾವು ಮೇಲಿಂದ ಮೇಲೆ ಕೇಳುತ್ತಲಿದ್ದೇವೆ. ಮಿತವ್ಯಯವು ಒಳ್ಳೆಯ ಗುಣವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅದನ್ನು ಬೋಧಿಸುವವರಾರು, ಆಚರಿಸಬೇಕಾದವರಾರು ಎಂಬುದನ್ನು ವಿಚಾರಿಸದೆ ತಲೆದೂಗುವುದು ನಮ್ಮಿಂದಾಗದು.

2025ನೆಯ ಇಸವಿ ಮಾರ್ಚಿ 21ನೆಯ ತಾರೀಖು, ಬೆಂಗಳೂರಿನ ಶಾಸನಸಭೆಯಲ್ಲಿ ಗದ್ದಲದ ನಡುವೆ, ಶಾಸಕರ ಮಾಸಿಕ ವೇತನವನ್ನು 40 ಸಾವಿರ ರೂಪಾಯಿಗಳಿಂದ 80 ಸಾವಿರಕ್ಕೂ, ಮುಖ್ಯಮಂತ್ರಿಗಳದನ್ನು 75 ಸಾವಿರದಿಂದ ಒಂದೂವರೆ ಲಕ್ಷಕ್ಕೂ ಏರಿಸುವ ಮಸೂದೆಗಳು ಅಂಗೀಕೃತವಾದವು. ಅದಾದ ಹನ್ನೊಂದನೆಯ ದಿನ, ಏಪ್ರಿಲ್ 1ರಿಂದ, ಡೀಸೆಲಿನ ಮೇಲಣ ಮಾರಾಟ ತೆರಿಗೆಯು ಶೇಕಡ 18.44ರಿಂದ 21.17ಕ್ಕೆ ಏರಿತು, ಲೀಟರಿಗೆ ಸುಮಾರು ಎರಡು ರೂಪಾಯಿ ಹೆಚ್ಚಿತು. ವೇತನದ ಹೆಚ್ಚಳವು ಇಡೀ ಆಯವ್ಯಯದ ಮುಂದೆ ಅತ್ಯಲ್ಪವೆಂದು ಸಮರ್ಥಿಸುವವರುಂಟು. ಮೊತ್ತವು ಅಲ್ಪವೇ ಸರಿ. ಮನೆಯ ಯಜಮಾನನು ತಾನು ತುಪ್ಪವನ್ನು ಬಡಿಸಿಕೊಂಡು ಮಕ್ಕಳಿಗೆ ಉಪವಾಸದ ಮಹಿಮೆಯನ್ನು ಹೇಳಿದರೆ, ತುಪ್ಪದ ತೂಕವನ್ನು ಯಾರೂ ಕೇಳುವುದಿಲ್ಲ.

ಈ ಎರಡು ರೂಪಾಯಿ ಎಲ್ಲಿ ಹೋಗಿ ತಂಗುತ್ತದೆಂಬುದನ್ನು ನೋಡಬೇಕಾದರೆ ನಮ್ಮ ಸೀಮೆಗೆ ಬರಬೇಕು. ಕೃಷ್ಣರಾಜನಗರದ ಗದ್ದೆಯನ್ನು ಉಳುವುದು ಈಗ ಟ್ರಾಕ್ಟರು. ಹೆಗ್ಗಡದೇವನಕೋಟೆಯ ಫಸಲು ಮೈಸೂರಿನ ಮಾರುಕಟ್ಟೆಯನ್ನು ಸೇರುವುದು ಲಾರಿಯಲ್ಲಿ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೇಲುಗಳು ಹರಾಜು ಕಟ್ಟೆಗೆ ಬರುವುದೂ, ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಬರುವುದೂ ಡೀಸೆಲಿನ ಬಲದಿಂದಲೇ. ತೆರಿಗೆ ಏರಿದರೆ ಲಾರಿಯ ಮಾಲೀಕನು ಬಾಡಿಗೆಯನ್ನು ಏರಿಸುತ್ತಾನೆ. ಅಂಗಡಿಯವನು ದರವನ್ನು ಏರಿಸುತ್ತಾನೆ. ಹೊಗೆಸೊಪ್ಪಿನ ರೈತನು ಯಾರ ಮೇಲೆ ಏರಿಸಬೇಕು? 1975ರ ಕಾನೂನಿನಂತೆ ಸ್ಥಾಪಿತವಾದ ತಂಬಾಕು ಮಂಡಳಿಯು ಅವನು ಎಷ್ಟು ಬೆಳೆಯಬಹುದೆಂಬುದನ್ನು ಗೊತ್ತುಮಾಡುತ್ತದೆ. ಎಷ್ಟಕ್ಕೆ ಮಾರಬೇಕೆಂಬುದನ್ನು ಕೊಳ್ಳುವ ಕಂಪನಿಗಳ ಕೂಗು ಗೊತ್ತುಮಾಡುತ್ತದೆ. ಕೈಯಿಂದ ಕೈಗೆ ಜಾರಿ ಬಂದ ತೆರಿಗೆಯು ಕಡೆಗೆ ನಿಲ್ಲುವುದು ಅವನಲ್ಲಿ. ಬೆಂಗಳೂರಿನ ಸಿರಿವಂತನ ಮೋಟಾರಿಗೂ ಈ ರೈತನ ಟ್ರಾಕ್ಟರಿಗೂ ಒಂದೇ ದರ. ಇದನ್ನು ಸಮಾನತೆಯೆಂದು ಕರೆಯುವವರು ಕರೆಯಲಿ.

ಇದಕ್ಕೆಲ್ಲ ಗ್ಯಾರಂಟಿ ಯೋಜನೆಗಳೇ ಕಾರಣವೆಂದು ಪಟ್ಟಣದ ಕೆಲವು ವಿದ್ಯಾವಂತರು ಹಳಿಯುವುದನ್ನು ನಾವು ಬಲ್ಲೆವು. 2025-26ರ ಆಯವ್ಯಯದಲ್ಲಿ 4,09,549 ಕೋಟಿ ರೂಪಾಯಿಗಳ ಪೈಕಿ ಅವುಗಳಿಗಿಟ್ಟದ್ದು 51,034 ಕೋಟಿ, ಎಂಟರಲ್ಲೊಂದು ಪಾಲು. ದೊಡ್ಡ ಮೊತ್ತವೇ. ಆದರೆ 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲಿಯೇ ಉದ್ಘಾಟನೆಯಾದ ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ರೂಪಾಯಿಯು ಕೂಲಿಯ ಮನೆಯಲ್ಲಿ ಅಕ್ಕಿ, ಔಷಧಿ, ಶಾಲೆಯ ಪುಸ್ತಕವಾಗುತ್ತದೆ. ನಮ್ಮ ಆಕ್ಷೇಪಣೆ ಕೊಡುವುದರ ಮೇಲಲ್ಲ. ಹೆಂಡತಿಗೆ ಬಸ್ಸನ್ನು ಉಚಿತ ಮಾಡಿ, 2025ರ ಜನವರಿಯಲ್ಲಿ ಗಂಡನ ಚೀಟಿಯ ಬೆಲೆಯನ್ನು ನೂರಕ್ಕೆ ಹದಿನೈದರಂತೆ ಏರಿಸಿದರೆ ಆ ಕುಟುಂಬಕ್ಕೆ ಉಳಿದದ್ದೆಷ್ಟು ಎಂಬುದರ ಮೇಲೆ.

ದೆಹಲಿಯ ಮೇಲೆ ನಮ್ಮ ಸರ್ಕಾರದವರು ಹೊರಿಸುವ ಆಪಾದನೆಯಲ್ಲಿ ಹುರುಳಿದೆ. ಹಂಚಿಕೆಯ ತೆರಿಗೆಯಲ್ಲಿ ಕರ್ನಾಟಕಕ್ಕೆ 14ನೆಯ ಹಣಕಾಸು ಆಯೋಗವು ಶೇಕಡ 4.713 ಪಾಲನ್ನು ಕೊಟ್ಟಿದ್ದರೆ, 2021-26ರ ಅವಧಿಗೆ 15ನೆಯ ಆಯೋಗವು ಅದನ್ನು 3.647ಕ್ಕೆ ಇಳಿಸಿತು. ಸೆಸ್ಸು, ಸರ್‌ಚಾರ್ಜುಗಳಂತೂ ಹಂಚಿಕೆಗೇ ಬರುವುದಿಲ್ಲ. ಬಡ ಪ್ರಾಂತಗಳಿಗೆ ನೆರವಾಗುವುದು ಒಂದೇ ದೇಶದವರಾದ ನಮ್ಮ ಧರ್ಮ. ಆದರೂ ಲೆಕ್ಕವನ್ನು ಕೇಳುವುದು ತಪ್ಪಲ್ಲ. 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿಗಳು ಮಂತ್ರಿಗಳೊಡನೆ ಜಂತರ್ ಮಂತರಿನಲ್ಲಿ ಕುಳಿತು ಕೇಳಿದ್ದೂ ಇದನ್ನೇ. ಅದೇ ಪ್ರಶ್ನೆಯನ್ನು ಹೆಗ್ಗಡದೇವನಕೋಟೆಯ ಹಾಡಿಯವನು ಬೆಂಗಳೂರನ್ನು ಕೇಳಿದರೆ ಕೊಡತಕ್ಕ ಉತ್ತರವೇನು?

1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಮೈಸೂರಿನಲ್ಲಿ ಸೇರಿತು. ತಾಲ್ಲೂಕುಗಳಿಂದ ಬಂದ ರೈತರಿಗೂ ವರ್ತಕರಿಗೂ ಸಂಸ್ಥಾನದ ಆದಾಯ, ವೆಚ್ಚಗಳನ್ನು ತಿಳಿಸಲಾಯಿತು. ಆ ಸಭೆಗೆ ತೆರಿಗೆಯನ್ನು ತಡೆಯುವ ಅಧಿಕಾರವಿರಲಿಲ್ಲ. ಲೆಕ್ಕವನ್ನು ಕೇಳುವ ಅವಕಾಶವಿತ್ತು. ಈಗ ಅಧಿಕಾರವೆಲ್ಲ ಪ್ರಜೆಗಳದೇ. ಪ್ರತಿ ತಾಲ್ಲೂಕಿನಲ್ಲಿ ಸರ್ಕಾರವು ವೆಚ್ಚಮಾಡಿದ ಹಣದ ಲೆಕ್ಕವನ್ನು ವರ್ಷಕ್ಕೊಮ್ಮೆ, ದಸರೆಯ ಹೊತ್ತಿಗೆ, ತಿಳಿಗನ್ನಡದಲ್ಲಿ ಅಚ್ಚುಹಾಕಿಸಿ ತಾಲ್ಲೂಕು ಕಚೇರಿಯ ಬಾಗಿಲಿಗೆ ಅಂಟಿಸುವುದಕ್ಕೆ ಹೆಚ್ಚಿನ ಖರ್ಚೇನೂ ತಗಲದು. ಅದರಲ್ಲಿ ಶಾಸಕರ ವೇತನ, ಭತ್ಯೆಗಳಿಗೂ ಒಂದು ಸಾಲು ಇರಲಿ.