ಹೊರಕ್ಕೆ ಜಾರುವ ಕಣ್ಣು, ಕಾಯಲು ಕಲಿತ ಕತ್ತರಿ

ಬಿಸಿಲಿಗೆ ಬಂದ ಕೂಡಲೇ ಕೆಲವು ಮಕ್ಕಳು ಒಂದೇ ಕಣ್ಣು ಮುಚ್ಚುತ್ತಾರೆ. ಮಧ್ಯಾಹ್ನ ಬೆಂಗಳೂರಿನ ಮಾರತ್ತಹಳ್ಳಿ ಸೇತುವೆಯ ಬಳಿ ಸ್ಕೂಲ್ ಬಸ್ಸಿನಿಂದ ಇಳಿಯುವ ಮಗು ಹಾಗೆ ಮಾಡಿದರೆ ಬಿಸಿಲು ಜಾಸ್ತಿ ಎಂದುಕೊಂಡು ಸುಮ್ಮನಾಗುತ್ತೇವೆ. ದಣಿದಾಗ, ಜ್ವರ ಬಂದಾಗ, ಕಿಟಕಿಯಾಚೆ ದೂರ ನೋಡುತ್ತ ಮೈಮರೆತಾಗ ಅದೇ ಕಣ್ಣು ಮೆಲ್ಲಗೆ ಕಿವಿಯ ಕಡೆಗೆ ಜಾರುತ್ತದೆ. ಹೆಸರು ಹಿಡಿದು ಕರೆದರೆ ಮತ್ತೆ ನೆಟ್ಟಗೆ. ಡಾಕ್ಟರ ಎದುರಿಗಂತೂ ಎಷ್ಟೋ ಸಲ ಜಾರುವುದೇ ಇಲ್ಲ. ಅಮ್ಮ ಮೊಬೈಲಿನಲ್ಲಿ ಹಿಡಿದಿಟ್ಟ ಫೋಟೊ ಆಗ ಕೆಲಸಕ್ಕೆ ಬರುತ್ತದೆ. ಅಜ್ಜಿಯದು ಒಂದೇ ಮಾತು: ‘ಮೆಳ್ಳೆಗಣ್ಣು ಅದೃಷ್ಟ ಕಣೇ, ಮುಟ್ಟಿಸಬೇಡ.’ ಅದೃಷ್ಟದ ಮಾತು ಬಿಡಿ. ಮುಟ್ಟಿಸಬೇಡ ಎಂಬಲ್ಲಿ ಮಾತ್ರ ಅರ್ಧ ನಿಜವಿದೆ. ಆ ಅರ್ಧವನ್ನು ಒಪ್ಪಿಕೊಳ್ಳಲು ವೈದ್ಯರಿಗೆ ಹೆಚ್ಚುಕಡಿಮೆ 180 ವರ್ಷ ಬೇಕಾಯಿತು.

ಮೊದಲು ಮುಟ್ಟಿದವನು ಬರ್ಲಿನ್ನಿನ ಶಸ್ತ್ರವೈದ್ಯ ಡೀಫೆನ್‌ಬಾಖ್. 1839ರ ಅಕ್ಟೋಬರ್ 26ರಂದು ಏಳು ವರ್ಷದ ಹುಡುಗನೊಬ್ಬನ ಕಣ್ಣಿನ ಸ್ನಾಯುವನ್ನು ಅವನು ಕತ್ತರಿಸಿದ. ಈಥರ್ ಅರಿವಳಿಕೆ ಜಗತ್ತಿಗೆ ಪರಿಚಯವಾಗಲು ಇನ್ನೂ ಏಳು ವರ್ಷವಿತ್ತು. ಹುಡುಗನ ಪಾಡು ಊಹಿಸಿಕೊಳ್ಳಿ. ಅವನ ಕಣ್ಣು ತಿರುಗಿದ್ದು ಹೊರಕ್ಕಲ್ಲ, ಮೂಗಿನ ಕಡೆಗೆ. ಸುದ್ದಿ ಹಬ್ಬಿ ಯುರೋಪಿನ ತುಂಬ ಈ ಆಪರೇಷನ್ ಒಂದು ಹುಚ್ಚಾಯಿತು. ಆದರೆ ಕತ್ತರಿಸಿ ಬಿಟ್ಟ ಸ್ನಾಯು ಲಗಾಮು ಕಳಚಿದ ಕುದುರೆಯೇ ಸರಿ, ಹಿಂದೆ ಎಲ್ಲಿ ಹೋಗಿ ಅಂಟಿಕೊಳ್ಳುತ್ತದೋ ಯಾರ ಹಿಡಿತದಲ್ಲೂ ಇರಲಿಲ್ಲ. ಒಳಕ್ಕೆ ತಿರುಗಿದ್ದ ಎಷ್ಟೋ ಕಣ್ಣುಗಳು ಆಮೇಲೆ ಹೊರಕ್ಕೆ ಹೊರಳಿದವು. ಹೊರಗಿನ ಮೆಳ್ಳೆಗೆ ಮದ್ದು ಹುಡುಕುವ ಮುನ್ನವೇ ಅದರ ಒಂದಷ್ಟು ರೋಗಿಗಳನ್ನು ವೈದ್ಯರು ತಾವೇ ತಯಾರಿಸಿದ್ದರು!

ಕತ್ತರಿಗೆ ಲೆಕ್ಕ ಬಂದದ್ದು 1922ರಲ್ಲಿ. ನ್ಯೂಯಾರ್ಕಿನ ಜೇಮ್ಸನ್ ಎಂಬ ವೈದ್ಯರು ಬಿಡಿಸಿದ ಸ್ನಾಯುವನ್ನು ಕಣ್ಣಿನ ಬಿಳಿಗುಡ್ಡೆಗೇ, ಅಳೆದ ಜಾಗದಲ್ಲಿ ಹೊಲಿದು ತೋರಿಸಿದರು. ಇಂದಿಗೂ ಕೆಲಸ ಹೆಚ್ಚುಕಡಿಮೆ ಅದೇ: ಹೊರಬದಿಯ ಸ್ನಾಯುವನ್ನು ಕೆಲವೇ ಮಿಲಿಮೀಟರ್ ಹಿಂದಕ್ಕೆ ಸರಿಸುವುದು, ಬೇಕಾದರೆ ಒಳಬದಿಯದನ್ನು ಗಿಡ್ಡ ಮಾಡುವುದು. ಎಷ್ಟು ಸರಿಸಬೇಕು ಎಂಬುದಕ್ಕೆ ಕೋಷ್ಟಕಗಳಿವೆ. ಯಾವಾಗ ಎಂಬುದೇ ಜಗಳದ ವಿಷಯ.

ಆ ಜಗಳಕ್ಕೆ ಹೋಗುವ ಮುನ್ನ ಅಳತೆಯ ಮಾತು: ಕಣ್ಣುಗಳ ಹೊಂದಾಣಿಕೆಯನ್ನು ಅಳೆಯುವ ಉಪಕರಣವೊಂದರ ಕಥೆ ನಮ್ಮ ಹಳೆ ಏರ್‌ಪೋರ್ಟ್ ರಸ್ತೆಗೂ ಬರುತ್ತದೆ. ಇಂಗ್ಲೆಂಡಿನ ಅರ್ನೆಸ್ಟ್ ಮ್ಯಾಡಕ್ಸ್ ಎಂಬ ನೇತ್ರವೈದ್ಯರು ಗೀರುಗೀರಾದ ಕೆಂಪು ಗಾಜೊಂದನ್ನು ರೂಪಿಸಿದರು. ಒಂದು ಕಣ್ಣಿಗೆ ಅದನ್ನಿಟ್ಟರೆ ದೀಪದ ಚುಕ್ಕಿ ಕೆಂಪು ಗೆರೆಯಾಗಿ ಕಾಣುತ್ತದೆ. ಗೆರೆ ಚುಕ್ಕಿಯಿಂದ ಎಷ್ಟು ದೂರವೋ ಕಣ್ಣಿನ ಓರೆ ಅಷ್ಟು. ಅವರ ಮಗಳು ಮೇರಿ, ಕಣ್ಣಿನ ವ್ಯಾಯಾಮ ಮಾಡಿಸುವುದನ್ನೇ ವೃತ್ತಿ ಮಾಡಿಕೊಂಡ ಮೊದಲಿಗರು. ಯುದ್ಧವಿಮಾನ ಹಾರಿಸಬೇಕೆನ್ನುವವರಿಗೂ ಇಂಥ ಗಾಜಿಟ್ಟು ಕಣ್ಣಿನ ಸ್ನಾಯುಗಳ ಹೊಂದಾಣಿಕೆಯ ಪರೀಕ್ಷೆ ಇದ್ದೇ ಇದೆ. ಮಾರತ್ತಹಳ್ಳಿಯಿಂದ ಸ್ವಲ್ಪವೇ ದೂರದ ವಿಮಾನಪುರದಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇಂಥ ದೇಹಯೋಗ್ಯತೆಯ ವಿಚಾರಕ್ಕೇ ಮೀಸಲು. ಕಾಣುವ ಮೆಳ್ಳೆಯಿದ್ದರೆ ಪೈಲಟ್ ಆಗುವ ಆಸೆ ಅಲ್ಲಿಗೆ ಮುಗಿಯಿತು.

ಇನ್ನು ಯಾವಾಗ ಎಂಬ ಜಗಳ. ಬೇಗ ಆಪರೇಷನ್ ಮಾಡಿಸಿ ಎಂಬ ಒತ್ತಡಕ್ಕೆ ಬಲ ಬಂದದ್ದು ಬೆಕ್ಕಿನ ಮರಿಗಳಿಂದ. 1965ರಲ್ಲಿ ಹಾರ್ವರ್ಡಿನ ಹ್ಯೂಬೆಲ್ ಮತ್ತು ವೀಸೆಲ್, ಮರಿಗಳ ಒಳಸ್ನಾಯು ಕತ್ತರಿಸಿ ಬೇಕೆಂದೇ ಹೊರಮೆಳ್ಳೆ ಬರಿಸಿದರು. ಎರಡು ಕಣ್ಣುಗಳೂ ಬೇರೆಬೇರೆಯಾಗಿ ಚೆನ್ನಾಗಿಯೇ ಕಾಣುತ್ತಿದ್ದವು. ಎರಡಕ್ಕೂ ಸ್ಪಂದಿಸುವ ಮಿದುಳಿನ ಕೋಶಗಳು ಮಾತ್ರ ತೀರ ವಿರಳವಾಗಿದ್ದವು. ದೃಷ್ಟಿಯ ಕುರಿತ ಕೆಲಸಕ್ಕಾಗಿ 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆದರೆ ಮರಿಗಳ ಕಣ್ಣು ಸದಾ ಹೊರಗೇ ಇತ್ತು. ನಮ್ಮ ಮಕ್ಕಳದು ಬಂದುಹೋಗುವ ಮೆಳ್ಳೆ. ಮಿಕ್ಕ ಹೊತ್ತು ಎರಡೂ ಕಣ್ಣು ಜೊತೆಯಾಗೇ ನೋಡುತ್ತವೆ. ಏಷ್ಯಾದ ಹಲವು ಕಡೆ ಹೊರಮೆಳ್ಳೆಯೇ ಹೆಚ್ಚು ಎನ್ನುವುದು ಕೂಡ, ಒಳಮೆಳ್ಳೆಯ ಅನುಭವದ ಮೇಲೆ ಬರೆದ ಪಶ್ಚಿಮದ ಪುಸ್ತಕಗಳನ್ನು ಓದುವಾಗ ನೆನಪಿರಬೇಕು.

ಅಮೆರಿಕದ ಮಕ್ಕಳ ಕಣ್ಣುವೈದ್ಯರ ಸಂಶೋಧನಾ ಬಳಗವೊಂದು ಬಂದುಹೋಗುವ ಹೊರಮೆಳ್ಳೆಯ 3ರಿಂದ 10 ವರ್ಷದ ಮಕ್ಕಳನ್ನು ಯಾವ ಚಿಕಿತ್ಸೆಯೂ ಇಲ್ಲದೆ ಮೂರು ವರ್ಷ ಗಮನಿಸಿತು. ಮೆಳ್ಳೆ ಹದಗೆಟ್ಟದ್ದು ಸುಮಾರು ಶೇ 15ರಷ್ಟು ಮಕ್ಕಳಲ್ಲಿ ಮಾತ್ರ. ಅದೇ ಬಳಗದ 2019ರ ವರದಿಯಲ್ಲಿ ಆಪರೇಷನ್ನಿನ ಎರಡು ಪ್ರಚಲಿತ ವಿಧಾನಗಳಲ್ಲಿ ಯಾವುದೂ ಸ್ಪಷ್ಟವಾಗಿ ಮೇಲೆನಿಸಲಿಲ್ಲ, ಮೂರು ವರ್ಷದೊಳಗೆ ಸೋತವುಗಳ ಸಂಖ್ಯೆಯೂ ಕಡಿಮೆಯೇನಲ್ಲ. ಬೇಕಾದ್ದಕ್ಕಿಂತ ಹೆಚ್ಚು ಮೈನಸ್ ಪವರಿನ ಕನ್ನಡಕ ಹಾಕಿಸಿದರೆ ಕಣ್ಣು ಒಳಕ್ಕೆ ಎಳೆದುಕೊಳ್ಳುತ್ತದೆ. ಆದರೆ ಅದನ್ನು ಪ್ರಯೋಗಿಸಿ ನೋಡಿದಾಗ, ನಿಲ್ಲಿಸಿದ ಮೇಲೆ ಗುಣ ಉಳಿಯಲಿಲ್ಲ, ಕೆಲವು ಮಕ್ಕಳ ಸಮೀಪದೃಷ್ಟಿ ಬೇರೆ ಏರಿತು. ಹಾಗೆಂದು ಸುಮ್ಮನೆ ಕೂರುವುದಲ್ಲ. ಮೆಳ್ಳೆ ಇಡೀ ದಿನ ನಿಲ್ಲತೊಡಗಿದರೆ, ಆಳ ಗ್ರಹಿಸುವ ಶಕ್ತಿ ಕುಸಿದರೆ ಕತ್ತರಿಗೆ ಸಮಯ ಬಂತು. ಅದು ತಿಳಿಯಬೇಕಾದರೆ ಹೇಳಿದ ದಿನಕ್ಕೆ ಮಗುವನ್ನು ಮತ್ತೆ ಮತ್ತೆ ತೋರಿಸಬೇಕು.

ಒಂದು ಕಾಲಕ್ಕೆ ಇದಕ್ಕಾಗಿ ಮಾರತ್ತಹಳ್ಳಿ ಕಡೆಯವರು ಪೇಟೆಗೆ, 1896ರಲ್ಲಿ ಶುರುವಾದ ಮಿಂಟೊ ಆಸ್ಪತ್ರೆಗೆ ಹೋಗಬೇಕಿತ್ತು. ಈಗ ಕುಂದಲಹಳ್ಳಿ ಗೇಟಿನ ಬಳಿ, ವರ್ತೂರು ರಸ್ತೆಯಲ್ಲೇ ಶಂಕರ ಕಣ್ಣಾಸ್ಪತ್ರೆಯಿದೆ. ದುಡ್ಡು ಕೊಡುವವರ ಹಣದಲ್ಲಿ ಹಳ್ಳಿಯ ಬಡವರಿಗೆ ಉಚಿತ ಆಪರೇಷನ್ ಮಾಡುವುದು ಕೊಯಮತ್ತೂರಿನ ಡಾ. ಆರ್.ವಿ. ರಮಣಿ ಕಟ್ಟಿದ ಈ ಸಂಸ್ಥೆಯ ಪದ್ಧತಿ.

ದೊಡ್ಡವರಿಗೆ ‘ವಯಸ್ಸು ಮೀರಿತು’ ಎನ್ನುವುದು ಸುಳ್ಳು. ಮೂವತ್ತೈದರಲ್ಲೂ ಕಣ್ಣು ನೆಟ್ಟಗಾಗುತ್ತದೆ. ಎರಡೆರಡು ಕಾಣುವ ಅಪಾಯವಿದೆಯೇ ಎಂದು ಮೊದಲೇ ಪ್ರಿಸಂ ಇಟ್ಟು ನೋಡಬಹುದು. ಹೊಲಿಗೆಯನ್ನು ಸಡಿಲ ಗಂಟಿನಲ್ಲಿ ಬಿಟ್ಟು, ರೋಗಿ ಎಚ್ಚರವಾದ ಮೇಲೆ ಬಿಗಿ ಮಾಡುವ ವಿಧಾನವೂ ಇದೆ. ಒಂದನ್ನು ಮಾತ್ರ ಮುಂಚೆ ಕೇಳಿ ತಿಳಿದಿರಬೇಕು: ಕಣ್ಣು ಹೊರಗಿದ್ದವರಿಗೆ ಆ ಪಕ್ಕದ ನೋಟ ತುಸು ಅಗಲವಾಗಿರುತ್ತದೆ, ನೆಟ್ಟಗಾದ ಮೇಲೆ ಅದು ಕಿರಿದಾಗುತ್ತದೆ. ರಿಂಗ್ ರೋಡಿನಲ್ಲಿ ಪಕ್ಕದಿಂದ ನುಗ್ಗುವ ಬೈಕು ನೋಡಲು ಆಮೇಲೆ ಕತ್ತು ತಿರುಗಿಸಲೇಬೇಕು.