ತೋಟದ ನಿಸ್ತಂತು ಕ್ಯಾಮೆರಾ: ಬ್ಯಾಟರಿ ಖರ್ಚಾಗುವುದು ಎಲ್ಲಿ?

ಕಾಫಿ ತೋಟದಲ್ಲಿ ಆನೆಯ ಸಂಚಾರವನ್ನು ತಿಳಿಯಲು, ಅಡಿಕೆ ಒಣಗಿಸುವ ಅಂಗಳವನ್ನು ಕಾಯಲು ನಿಸ್ತಂತು ಕ್ಯಾಮೆರಾಗಳನ್ನು ಇಡಬಹುದೇ ಎಂದು ಸದಸ್ಯ ಬಂಧುಗಳು ವಿಚಾರಿಸುವುದುಂಟು. ಇಡಬಹುದು. ಆದರೆ ವಿದ್ಯುತ್ ತಂತಿ ಹೋಗದ ಮೂಲೆಯಲ್ಲಿ ಇವು ಬ್ಯಾಟರಿಯನ್ನೇ ನಂಬಿರಬೇಕು. ಮರದ ನೆರಳಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಸೌರಫಲಕವನ್ನು ನೆಚ್ಚಿಕೊಳ್ಳುವಂತಿಲ್ಲ. ಆನೆ ಬಂದ ರಾತ್ರಿಯೇ ಬ್ಯಾಟರಿ ಮುಗಿದಿದ್ದರೆ, ಬೆಳಗ್ಗೆ ಹಣ್ಣು ಕೊಯ್ಯಲು ಹೋಗುವ ಆಳುಗಳಿಗೆ ಮುನ್ನೆಚ್ಚರಿಕೆ ದೊರೆಯುವುದಿಲ್ಲ. ಆದ್ದರಿಂದ ಶಕ್ತಿಯ ಲೆಕ್ಕವನ್ನು ಕೊಳ್ಳುವ ಮೊದಲೇ ಅರಿತಿರುವುದು ಅವಶ್ಯ.

ಇಂಥ ಜಾಲದ ಪ್ರತಿಯೊಂದು ಘಟಕದಲ್ಲೂ ಕ್ಯಾಮೆರಾ, ಸಣ್ಣ ಗಣಕ, ರೇಡಿಯೋ ಮತ್ತು ಬ್ಯಾಟರಿ ಇರುತ್ತವೆ. ಚಿತ್ರವು ಒಂದು ಘಟಕದಿಂದ ಇನ್ನೊಂದಕ್ಕೆ ದಾಟುತ್ತ ಮನೆಯನ್ನು ಸೇರುತ್ತದೆ. 640 ಅಡ್ಡ, 480 ಉದ್ದದ ಒಂದು ಕಪ್ಪು-ಬಿಳುಪು ಚಿತ್ರದಲ್ಲಿ 3,07,200 ಚುಕ್ಕೆಗಳು. ಚುಕ್ಕೆಗೆ 8 ಬಿಟ್‌ನಂತೆ ಸುಮಾರು 24.5 ಲಕ್ಷ ಬಿಟ್. ಕಡಿಮೆ ಶಕ್ತಿಯ ಜಿಗ್‌ಬೀ ಬಗೆಯ ರೇಡಿಯೋ ಸೆಕೆಂಡಿಗೆ ಹೆಚ್ಚೆಂದರೆ 2.5 ಲಕ್ಷ ಬಿಟ್ ಕಳಿಸಬಲ್ಲದು. ಅಂದರೆ ಒಂದೇ ಚಿತ್ರಕ್ಕೆ ಸುಮಾರು 10 ಸೆಕೆಂಡು. ನಾಲ್ಕು ಹಂತಗಳಲ್ಲಿ ದಾಟಿದರೆ ಅದನ್ನು ನಾಲ್ಕು ಸಲ ಕಳಿಸಬೇಕು, ನಡುವಿನ ಮೂರು ಘಟಕಗಳು ಮೂರು ಸಲ ಸ್ವೀಕರಿಸಬೇಕು. ಎಲ್ಲಕ್ಕೂ ಬ್ಯಾಟರಿಯೇ ತೆರಬೇಕು.

ಅಡಿಕೆಯನ್ನು ನಾವು ಸುಲಿದು, ಒಣಗಿಸಿ ಮಂಡಿಗೆ ಸಾಗಿಸುತ್ತೇವೆ. ಸಿಪ್ಪೆಗೂ ನೀರಿಗೂ ಬಾಡಿಗೆ ತೆರುವುದಿಲ್ಲ. ಚಿತ್ರವನ್ನೂ ಹಾಗೆಯೇ ತೋಟದಲ್ಲೇ ಕುಗ್ಗಿಸಿ ಕಳಿಸಬಹುದು. ಇದಕ್ಕೆ ಆಧಾರವಾದ ಗಣಿತ ವಿಧಾನವನ್ನು ರೂಪಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹಮದ್. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಅವರು ಇದನ್ನು 1974ರಲ್ಲಿ ಪ್ರಕಟಿಸಿದರು. 1992ರಲ್ಲಿ ಬಂದ ಜೆಪೆಗ್ ಎಂಬ ಚಿತ್ರ ಮಾದರಿಯು ಇದನ್ನೇ ಅವಲಂಬಿಸಿದೆ. 8 ಸಾಲು, 8 ಕಂಬದ 64 ಚುಕ್ಕೆಗಳ ಚೌಕವನ್ನು 64 ಬೇರೆ ಸಂಖ್ಯೆಗಳಾಗಿ ಮಾರ್ಪಡಿಸಿದಾಗ, ಚಿತ್ರದ ಸಾರವೆಲ್ಲ ಸಾಮಾನ್ಯವಾಗಿ ಕೆಲವೇ ಸಂಖ್ಯೆಗಳಲ್ಲಿ ಸೇರಿಕೊಳ್ಳುತ್ತದೆ. ಉಳಿದವು ಸೊನ್ನೆಗೆ ಹತ್ತಿರವಾಗಿದ್ದು, ಬಿಟ್ಟರೂ ಕಣ್ಣಿಗೆ ಅಷ್ಟಾಗಿ ತಿಳಿಯದು. ಚಿತ್ರವು ಹತ್ತನೇ ಒಂದಕ್ಕೆ ಇಳಿದರೆ 10 ಸೆಕೆಂಡಿನ ಕೆಲಸ 1 ಸೆಕೆಂಡಿಗೆ ಮುಗಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಸುಲಿಯುವ ಕೂಲಿಯೂ ಲೆಕ್ಕಕ್ಕೆ ಬರಬೇಕಲ್ಲವೇ? ಗಣಕವು ತೀರಾ ನಿಧಾನವಾಗಿದ್ದರೆ, ಕುಗ್ಗಿಸುವ ಕೆಲಸಕ್ಕೇ ಕಳಿಸುವ ಖರ್ಚಿಗಿಂತ ಹೆಚ್ಚು ಶಕ್ತಿ ಹೋಗಬಹುದು. ಮನೆ ಒಂದೇ ಹಂತದ ದೂರದಲ್ಲಿದ್ದರೆ ಲಾಭ ಕಡಿಮೆ. ಹಂತಗಳು ಹೆಚ್ಚಿದಂತೆ ಲಾಭವೂ ಹೆಚ್ಚುತ್ತದೆ.

ಇನ್ನು ಅನೇಕರ ಗಮನಕ್ಕೆ ಬಾರದ ಸಂಗತಿ. ರೇಡಿಯೋ ಮಾತನಾಡುವಾಗ ಮಾತ್ರವಲ್ಲ, ಸುಮ್ಮನೆ ಕಿವಿಗೊಟ್ಟು ಕುಳಿತಾಗಲೂ ಬ್ಯಾಟರಿ ತಿನ್ನುತ್ತದೆ. ಇಂಥ ಜಾಲಗಳ ಪ್ರಯೋಗಗಳಲ್ಲಿ ಬಹಳ ಬಳಕೆಯಾದ ಸಿಸಿ2420 ಎಂಬ ಚಿಪ್ಪು ಪೂರ್ಣ ಬಲದಲ್ಲಿ ಕಳಿಸುವಾಗ 17.4 ಮಿಲಿ ಆಂಪಿಯರ್ ಎಳೆದರೆ, ಆಲಿಸುವಾಗ 18.8 ಎಳೆಯುತ್ತದೆ. 2,500 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿ ಹಗಲಿರುಳು ಆಲಿಸುತ್ತಿದ್ದರೆ ಐದೂವರೆ ದಿನದಲ್ಲಿ ಬರಿದು. ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಎಚ್ಚರವಿದ್ದರೆ, ರೇಡಿಯೋ ಲೆಕ್ಕವೊಂದರಿಂದ, ಒಂದೂವರೆ ವರ್ಷ ಬಾಳಬೇಕು. ಆದ್ದರಿಂದ ನಿಗದಿಯಾದ ಹೊತ್ತಿಗೆ ಎಚ್ಚರಗೊಂಡು, ಕೆಲಸವಿಲ್ಲದಿದ್ದರೆ ಮತ್ತೆ ಮಲಗುವ ಘಟಕವೇ ಲೇಸು.

ಎಲ್ಲಕ್ಕಿಂತ ಅಗ್ಗವಾದುದು ಕಳಿಸದೇ ಬಿಟ್ಟ ಚಿತ್ರ. ಶರೀರದ ಶಾಖವನ್ನು ಗುರುತಿಸುವ ಸಣ್ಣ ಸಂವೇದಕವು ಕ್ಯಾಮೆರಾವನ್ನು ಎಬ್ಬಿಸಲಿ. ಗಣಕವು ಹೊಸ ಚಿತ್ರವನ್ನು ಹಿಂದಿನದರೊಡನೆ ಹೋಲಿಸಿ, ಬರೀ ಎಲೆ ಅಲುಗಿದ್ದರೆ ಅಲ್ಲೇ ತಳ್ಳಿಹಾಕಲಿ. ಏನಾದರೂ ಕಂಡರೆ ಮೊದಲು ಸಣ್ಣ, ಮಸುಕು ಚಿತ್ರ ಬರಲಿ. ಬೇಕೆಂದು ಕೇಳಿದರೆ ಮಾತ್ರ ಸ್ಪಷ್ಟ ಚಿತ್ರ. ಆನೆಯೋ ದನವೋ ಎಂದು ತಿಳಿಯಲು ಮಸುಕು ಚಿತ್ರ ಸಾಕು. ಕಳ್ಳನ ಮುಖ ಗುರುತಿಸಲು ಸಾಲದು.

ಘಟಕಗಳನ್ನು ನೆಡುವಾಗ ದೂರದ ಕಡೆಗೂ ಗಮನವಿರಲಿ. ಬಯಲಿನಲ್ಲೇ ದೂರ ಎರಡರಷ್ಟಾದರೆ ಬೇಕಾಗುವ ರೇಡಿಯೋ ಬಲ ನಾಲ್ಕರಷ್ಟಾಗುತ್ತದೆ. ಮರಗಳ ನಡುವೆ, ಒದ್ದೆ ಎಲೆಗಳ ನಡುವೆ ಇನ್ನೂ ಹೆಚ್ಚು. ಮನೆಗೆ ಹತ್ತಿರದ ಘಟಕವು ಎಲ್ಲರ ಹೊರೆಯನ್ನೂ ಹೊರುವುದರಿಂದ ಮೊದಲು ಸೋಲುವುದು ಅದೇ. ಅಲ್ಲಿ ದೊಡ್ಡ ಬ್ಯಾಟರಿ ಇಡತಕ್ಕದ್ದು.

ಮಾರಾಟಗಾರರು ಬಂದಾಗ ಚಿತ್ರ ಎಷ್ಟು ಸ್ಪಷ್ಟ ಎಂದಷ್ಟೇ ಕೇಳಿ ಸುಮ್ಮನಾಗಬಾರದು. ರೇಡಿಯೋ ದಿನಕ್ಕೆ ಎಷ್ಟು ಹೊತ್ತು ಎಚ್ಚರವಿರುತ್ತದೆ, ಚಿತ್ರ ಕುಗ್ಗಿದ ಮೇಲೆ ಎಷ್ಟು ದೊಡ್ಡದು, ಬ್ಯಾಟರಿ ಇಳಿಯುತ್ತಿದ್ದರೆ ಮುಂಚಿತವಾಗಿ ಸೂಚನೆ ಬರುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ತೋಟದ ಕಟ್ಟಕಡೆಯ ಮೂಲೆಯಲ್ಲಿ ಒಂದು ತಿಂಗಳು ಪರೀಕ್ಷಿಸಿ, ಅದೂ ಮಳೆಯಲ್ಲಿ, ಆಮೇಲೆ ಹಣ ಕೊಡುವುದು ಕ್ಷೇಮವೆಂದು ನಮ್ಮ ಸಲಹೆ.