ಒಂದೇ ನಂಬರ್, ನಾಲ್ಕು ಫೋನ್: ಹಾರ್ವೆಸ್ಟರ್ ಬಾಡಿಗೆ ಮಾಡುವವರು ಕ್ಲೌಡ್ ಫೋನ್ ಹಾಕಿಸಿಕೊಳ್ಳೋದು ಹೇಗೆ?

ನಾರಾಯಣಪುರ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಕೊಡೇಕಲ್, ಹುಣಸಗಿ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆಗೆ ನೀರು ಬಿಟ್ಟಾಗ ಎಲ್ಲರೂ ಹೆಚ್ಚೂಕಡಿಮೆ ಒಂದೇ ಹೊತ್ತಿಗೆ ನಾಟಿ ಮಾಡ್ತಾರೆ, ಹಂಗಾಗಿ ಕೊಯ್ಲಿಗೂ ಎಲ್ಲರ ಗದ್ದೆ ಒಂದೇ ಸಲ ಬರುತ್ತದೆ. ಅಷ್ಟರಲ್ಲಿ ಮೋಡ ಕಟ್ಟಿತು ಅಂದ್ರೆ ಮುಗೀತು, ಊರಿಗೆ ಊರೇ ಮಷಿನ್‌ನವರಿಗೆ ಫೋನ್ ಹಚ್ಚುತ್ತದೆ. ಒಬ್ಬ ಎತ್ತಲಿಲ್ಲ ಅಂದ್ರೆ ಇನ್ನೊಬ್ಬನಿಗೆ. ಮೊದಲು ಯಾರು ಎತ್ತುತ್ತಾರೋ ಬಾಡಿಗೆ ಅವರದು.

ಎತ್ತದೇ ಇರೋದು ಸೊಕ್ಕಿನಿಂದ ಅಲ್ಲ. ಹಾರ್ವೆಸ್ಟರ್ ಮೇಲೆ ಕೂತವನಿಗೆ ಎಂಜಿನ್ ಸದ್ದಿನಲ್ಲಿ ರಿಂಗ್ ಕೇಳೋದಿಲ್ಲ. ಡೀಸೆಲ್ ತರಲು ಹೋದವನು ಬೈಕ್ ಮೇಲಿರ್ತಾನೆ. ಲೆಕ್ಕ ನೋಡುವವನ ಫೋನ್ ಇನ್ನೊಬ್ಬರ ಜೊತೆ ಬಿಜಿ. ಸಂಜೆ ನೋಡಿದ್ರೆ ಮೂವತ್ತು ಮಿಸ್ಡ್ ಕಾಲ್. ತಿರುಗಿ ಹಚ್ಚಿದಾಗ "ಬ್ಯಾಡ್ರಿ, ಬ್ಯಾರೆ ಮಷಿನ್ ಬಂತು" ಅನ್ನೋ ಮಾತು. ಸಾಲ ಮಾಡಿ ಗಾಡಿ ತಂದವರಿಗೆ ವರ್ಷದ ಕಂತು ಹುಟ್ಟಬೇಕಾದದ್ದು ಈ ನಲವತ್ತೈದು ದಿನದಲ್ಲಿಯೇ. ಆ ಕಡೆ ಫೋನ್ ಹಚ್ಚಿದ ರೈತನ ಭತ್ತವೂ ಮಳೆಗೆ ಸಿಕ್ಕು ನೆಲಕ್ಕೆ ಮಲಗಿರಬಹುದು.

ಈ ತೊಂದರೆಗೆ ದೊಡ್ಡ ಕಂಪನಿಗಳು ಬಳಸುವ ಉಪಾಯ ಈಗ ಸಣ್ಣ ಬಾಡಿಗೆ ವ್ಯವಹಾರಕ್ಕೂ ಎಟಕುವ ಬೆಲೆಗೆ ಬಂದಿದೆ. ಅದಕ್ಕೆ ಕ್ಲೌಡ್ ಫೋನ್, ಕ್ಲೌಡ್ ಟೆಲಿಫೋನಿ ಅಂತಾರೆ.

ಹೆಸರು ದೊಡ್ಡದು, ಕೆಲಸ ಸರಳ

ಮೊದಲೆಲ್ಲ ಬ್ಯಾಂಕು, ಆಸ್ಪತ್ರೆಗಳಲ್ಲಿ ಒಂದು ನಂಬರಿಗೆ ಬಂದ ಕರೆಯನ್ನು ಒಳಗಿನ ಹತ್ತು ಫೋನಿಗೆ ಹಂಚಲು ಒಂದು ಪೆಟ್ಟಿಗೆ ಇರುತ್ತಿತ್ತು. ಅದಕ್ಕೆ ಇಪಿಎಬಿಎಕ್ಸ್ ಅಂತ ಹೆಸರು. ಪೆಟ್ಟಿಗೆ, ವೈರು, ಬ್ಯಾಟರಿ, ರಿಪೇರಿಯವನು, ಎಲ್ಲ ಬೇಕು. ಕ್ಲೌಡ್ ಫೋನಿನಲ್ಲಿ ಆ ಪೆಟ್ಟಿಗೆಯ ಕೆಲಸವನ್ನು ಸೇವೆ ಕೊಡುವ ಕಂಪನಿಯ ಸರ್ವರ್ ಮಾಡುತ್ತದೆ. ನಿಮ್ಮ ಕಡೆ ಇರೋದು ಈಗಿರುವ ಮೊಬೈಲ್‌ಗಳು ಮಾತ್ರ.

ರೈತ ನಿಮ್ಮ ನಂಬರಿಗೆ ಕರೆ ಮಾಡ್ತಾನೆ. ಕರೆ ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿ ನೀವು ರೆಕಾರ್ಡ್ ಮಾಡಿದ ದನಿ ಕೇಳಿಸುತ್ತದೆ. ಅವನು ಒಂದು ಒತ್ತಿದರೆ ನಿಮ್ಮ ನಾಲ್ವರ ಫೋನೂ ರಿಂಗ್ ಆಗುತ್ತವೆ, ಯಾರು ಮೊದಲು ಎತ್ತುತ್ತಾರೋ ಅವರಿಗೆ ಕೂಡುತ್ತದೆ. ಯಾರೂ ಎತ್ತದಿದ್ದರೆ "ನಿಮ್ಮ ಊರು, ಎಕರೆ ಹೇಳ್ರಿ" ಅಂತ ದನಿ ಮುದ್ರಿಸಿಕೊಂಡು, ಆ ನಂಬರನ್ನು ನಿಮ್ಮ ಪಟ್ಟಿಯಲ್ಲಿ ಹಾಕುತ್ತದೆ.

ಕರೆ ಮಾಡುವವರ ಹತ್ತಿರ ಸ್ಮಾರ್ಟ್‌ಫೋನ್, ಇಂಟರ್ನೆಟ್ ಬೇಕಿಲ್ಲ ಅನ್ನೋದನ್ನು ಗಮನಿಸಿ. ಫೋನಿನ ಪ್ರತಿ ಗುಂಡಿ ಒತ್ತಿದಾಗಲೂ ಎರಡು ಸ್ವರ ಕೂಡಿದ ಒಂದು ಸದ್ದು ಹೊರಡುತ್ತದೆ. ಆ ಸದ್ದು ಕೇಳಿಯೇ ಸರ್ವರ್ ಯಾವ ಅಂಕಿ ಅಂತ ಗುರುತಿಸೋದು. ಹಂಗಾಗಿ ಸಾವಿರ ರೂಪಾಯಿಯ ಗುಂಡಿ ಫೋನಿನಿಂದಲೂ ಕೆಲಸ ನಡೆಯುತ್ತದೆ.

ಇದನ್ನು ನೀವು ಈಗಾಗಲೇ ಬಳಸಿರಬಹುದು. 2004ರ ಜನವರಿಯಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರ್‌ನ 1800-180-1551 ನಂಬರಿಗೆ ಹಚ್ಚಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಮಳೆ ಮಾಹಿತಿಗೆ ರಾಜ್ಯದ ವರುಣಮಿತ್ರ ಸಹಾಯವಾಣಿ ಇದೆ. ಒಂದು ನಂಬರು, ಹಿಂದೆ ಹಲವು ಜನ. ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಮಾಹಿತಿ ಬರುವ ಪದ್ಧತಿಯನ್ನು ದೊಡ್ಡ ವ್ಯಾಪಾರ ಮಾಡಿದ ಜಿಪ್‌ಡಯಲ್ ಬೆಂಗಳೂರಿನದು. 2015ರಲ್ಲಿ ಅದನ್ನು ಟ್ವಿಟರ್ ಕೊಂಡುಕೊಂಡಿತು. ನಮ್ಮ ಜನರ ಮಿಸ್ಡ್ ಕಾಲ್ ಬುದ್ಧಿಗೆ ಅಷ್ಟು ಬೆಲೆ!

ನಿಮಗೆ ಇದು ಬೇಕೇ ಬೇಕಾ?

ಎಲ್ಲರಿಗೂ ಬೇಕಿಲ್ಲ. ಒಬ್ಬರೇ ಟ್ರ್ಯಾಕ್ಟರ್ ಇಟ್ಟುಕೊಂಡು ದಿನಕ್ಕೆ ಹತ್ತು ಕರೆ ಬರುತ್ತಿದ್ದರೆ ದುಡ್ಡು ಹಾಕಬೇಡಿ. ವಾಟ್ಸ್ಯಾಪ್ ಬಿಸಿನೆಸ್ ಹಾಕಿಕೊಳ್ಳಿ. ಫೋನಿನ ಕಾಲ್ ಸೆಟ್ಟಿಂಗ್‌ನಲ್ಲಿ "ಬಿಜಿ ಇದ್ದಾಗ, ಎತ್ತದಿದ್ದಾಗ" ಅನ್ನೋ ಎರಡಕ್ಕೆ ಮನೆಯಲ್ಲಿರುವ ತಮ್ಮನದೋ ಹೆಂಡತಿಯದೋ ನಂಬರ್ ಕೊಟ್ಟು ಕಾಲ್ ಫಾರ್ವರ್ಡ್ ಮಾಡಿ. ಅಷ್ಟಕ್ಕೇ ಮುಕ್ಕಾಲು ತೊಂದರೆ ತೀರುತ್ತದೆ.

ಇಲ್ಲೊಂದು ಎಚ್ಚರಿಕೆ. ಯಾರಾದರೂ ಫೋನ್ ಮಾಡಿ "ನಿಮ್ಮ ಸಿಮ್ ಬಂದ್ ಆಗ್ತದ, *401# ಜೊತೆ ಈ ನಂಬರ್ ಒತ್ತಿ" ಅಂದರೆ ಒತ್ತಲೇಬೇಡಿ. ಅದು ನಿಮ್ಮ ಕರೆಗಳನ್ನು ಕಳ್ಳರ ಫೋನಿಗೆ ತಿರುಗಿಸುವ ದಾರಿ. ಕರೆಯಲ್ಲಿ ಬರುವ ಓಟಿಪಿಯೂ ಅವರಿಗೇ ಹೋಗುತ್ತದೆ. ಈ ಮೋಸ ಹೆಚ್ಚಾಗಿ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಈ ಕೋಡ್ ಸೌಲಭ್ಯವನ್ನೇ ನಿಲ್ಲಿಸಲು ಕಂಪನಿಗಳಿಗೆ ಹೇಳಿತು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮೂರ್ನಾಲ್ಕು ಜನ ಪಾಲುದಾರರಿದ್ದು ಎರಡು ಮಷಿನ್, ನಾಲ್ಕಾರು ಟ್ರ್ಯಾಕ್ಟರ್ ಓಡಿಸುವವರಿಗೆ, ಬೀಜ-ಗೊಬ್ಬರ ಅಂಗಡಿಗೆ, ರೈತ ಉತ್ಪಾದಕ ಕಂಪನಿಗೆ ಕ್ಲೌಡ್ ಫೋನ್ ಉಪಯೋಗ. ಕರೆ ತಪ್ಪಬಾರದು ಅನ್ನೋದು ಒಂದು ಕಾರಣ. ಪಾಲುದಾರಿಕೆಗೆ ಸಂಬಂಧಪಟ್ಟ ಇನ್ನೊಂದು ಕಾರಣ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಈಗ ಬೋರ್ಡಿನ ಮೇಲೆ ಒಬ್ಬ ಪಾಲುದಾರನ ಸ್ವಂತ ನಂಬರ್ ಇರುತ್ತದೆ. ಗಿರಾಕಿಗಳೆಲ್ಲ ಅವನ ಫೋನಿನಲ್ಲಿ. ನಾಳೆ ಮನಸ್ತಾಪ ಆಗಿ ಅವನು ಬೇರೆಯಾದರೆ ಗಿರಾಕಿಗಳೂ ಅವನ ಹಿಂದೆಯೇ ಹೋದರು. ಉಳಿದವರಿಗೆ ಮಷಿನ್ ಇದೆ, ಸಾಲ ಇದೆ, ಫೋನ್ ಮಾತ್ರ ಬರೋದಿಲ್ಲ.

ಮತ್ತೆ ಪಾಳಿ ಜಗಳ. "ನಾ ಮೊದಲ ಹೇಳಿದ್ದೆ, ಅವನ ಗದ್ದಿಗೆ ಹ್ಯಾಂಗ ಹೋದ್ರಿ?" ಅನ್ನೋದು ಸುಗ್ಗಿಯಲ್ಲಿ ದಿನದ ಮಾತು. ಕ್ಲೌಡ್ ಫೋನಿನಲ್ಲಿ ಪ್ರತಿ ಕರೆಯ ದಿನ, ಗಂಟೆ, ನಿಮಿಷ ಬರೆದಿರುತ್ತದೆ. ಪಾಳಿ ಪಟ್ಟಿಯನ್ನು ಅದರ ಮೇಲೆಯೇ ಕಟ್ಟಬಹುದು. ಆದರೆ ಆ ಪಟ್ಟಿ ಎಲ್ಲ ಪಾಲುದಾರರ ಫೋನಿನಲ್ಲೂ ಕಾಣಬೇಕು. ಒಬ್ಬನಿಗೇ ಕಂಡರೆ ಹೊಸ ಜಗಳಕ್ಕೆ ಅದೇ ಬೀಜ.

ಹಾಕಿಸಿಕೊಳ್ಳುವ ಕ್ರಮ

ಎಕ್ಸೋಟೆಲ್, ನೋಲಾರಿಟಿ, ಮೈಆಪರೇಟರ್, ಓಜೋನ್‌ಟೆಲ್, ಟಾಟಾ ಟೆಲಿಯ ಸ್ಮಾರ್ಟ್‌ಫ್ಲೋ ಹೀಗೆ ಸೇವೆ ಕೊಡುವವರು ಹಲವರಿದ್ದಾರೆ. ಎಕ್ಸೋಟೆಲ್ ಬೆಂಗಳೂರಿನದೇ. ಇಂಥದ್ದೇ ಒಳ್ಳೆಯದು ಅಂತ ಹೇಳೋದಿಲ್ಲ. ಕಡಿಮೆ ಅಂದ್ರೂ ಎರಡು ಕಡೆ ದರ ಕೇಳಿ, ಪುಕ್ಕಟೆ ಟ್ರಯಲ್ ಕೊಟ್ಟರೆ ನಿಮ್ಮ ಹೊಲದಲ್ಲಿ ನಿಂತೇ ಪರೀಕ್ಷೆ ಮಾಡಿ. ಆಫೀಸಿನಲ್ಲಿ ಕೂತು ನೋಡಿದ ಟ್ರಯಲ್‌ಗೆ ಬೆಲೆ ಇಲ್ಲ.

ದಾಖಲೆಗೆ ಪ್ಯಾನ್, ಆಧಾರ್ ಜೊತೆ ವ್ಯಾಪಾರದ ಕಾಗದ ಕೇಳುತ್ತಾರೆ: ಜಿಎಸ್‌ಟಿ ಇದ್ದರೆ ಅದು, ಸಂಘ ಅಥವಾ ಕಂಪನಿ ಇದ್ದರೆ ನೋಂದಣಿ ಪತ್ರ. ಯಾವ ದಾಖಲೆಯನ್ನೂ ಕೇಳದೆ "ನಂಬರ್ ಕೊಡ್ತೀನಿ" ಅನ್ನುವವರಿಂದ ದೂರ ಇರಿ. ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಇರುವ ಕಂಪನಿಯ ಲೈನ್ ಹೌದೋ ಅಲ್ಲವೋ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ.

ಆಮೇಲೆ ನಂಬರ್. 1800 ಟೋಲ್ ಫ್ರೀ ನಂಬರ್ ನೋಡಲು ಚೆಂದ, ಆದರೆ ಕರೆ ಮಾಡಿದವರ ಖರ್ಚು ನಿಮ್ಮ ಮೇಲೆ ಬೀಳುತ್ತದೆ. ಈಗ ಹೆಚ್ಚಿನವರ ಸಿಮ್ಮಿಗೆ ಅನ್‌ಲಿಮಿಟೆಡ್ ಕರೆ ಇರುವಾಗ ಅದು ಬೇಕಿಲ್ಲ. ಸಾದಾ ವರ್ಚುವಲ್ ನಂಬರ್ ಸಾಕು.

ಈಗ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ಆ ನಂಬರ್ ಯಾರದು? ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡುವ ಹಕ್ಕು 2011ರಿಂದ ದೇಶದಲ್ಲೆಲ್ಲ ಇದೆ. ಲ್ಯಾಂಡ್‌ಲೈನ್ ಮಾದರಿಯ ನಂಬರಿಗೆ ಆ ಹಕ್ಕು ಇಲ್ಲ. ಕಂಪನಿ ಬದಲಿಸಿದರೆ, ರೀಚಾರ್ಜ್ ಮರೆತರೆ, ಕಂಪನಿಯೇ ಬಾಗಿಲು ಹಾಕಿದರೆ ನಂಬರ್ ಹೋಗಬಹುದು. ಗೋಡೆ ಮೇಲೆ, ಟ್ರೇಲರ್ ಹಿಂದೆ, ಮಷಿನ್ ಮೈಮೇಲೆ ಪೇಂಟ್ ಮಾಡಿಸಿದ ನಂಬರ್ ಅದು!

ಅದಕ್ಕೆ ನನ್ನ ಸಲಹೆ ಇಷ್ಟು. ಸಂಘದ ಕೆಲಸಕ್ಕೆ ಅಂತಲೇ ಒಂದು ಮಾಮೂಲಿ ಸಿಮ್ ತೆಗೆದುಕೊಳ್ಳಿ, ಬೋರ್ಡಿಗೆ ಆ ಮೊಬೈಲ್ ನಂಬರನ್ನೇ ಬರೆಸಿ. ಆ ಸಿಮ್ಮಿನಿಂದ ಕ್ಲೌಡ್ ನಂಬರಿಗೆ ಕಾಲ್ ಫಾರ್ವರ್ಡ್ ಹಾಕಿ. ನಾಳೆ ಕ್ಲೌಡ್ ಕಂಪನಿ ಬದಲಾದರೂ ಫಾರ್ವರ್ಡ್ ಮಾತ್ರ ಬದಲಿಸಿದರೆ ಆಯಿತು, ಗೋಡೆಯ ನಂಬರ್ ಹಂಗೇ ಇರುತ್ತದೆ. ಹಾಕುವ ಮೊದಲು ಎರಡು ವಿಷಯ ಪರೀಕ್ಷೆ ಮಾಡಿ: ನಿಮ್ಮ ಪ್ಲಾನಿನಲ್ಲಿ ಫಾರ್ವರ್ಡ್ ಆದ ಕರೆಗೆ ಬೇರೆ ದುಡ್ಡು ಬೀಳುತ್ತದೋ ಹೇಗೆ, ಮತ್ತು ಕರೆ ಮಾಡಿದ ರೈತನ ನಂಬರೇ ನಿಮ್ಮ ಪಟ್ಟಿಯಲ್ಲಿ ಕಾಣುತ್ತದೋ ಇಲ್ಲವೋ. ಸಿಮ್ ಯಾರ ಹೆಸರಿನಲ್ಲಿ ಅನ್ನೋದನ್ನು ಪಾಲುದಾರಿಕೆ ಕರಾರಿನಲ್ಲಿ ಒಂದು ಸಾಲು ಬರೆದುಕೊಳ್ಳಿ. ಕ್ಲೌಡ್ ಖಾತೆಯ ಪಾಸ್‌ವರ್ಡ್ ಕೂಡ ಇಬ್ಬರ ಹತ್ತಿರ ಇರಲಿ, ಹಾಕಿಕೊಟ್ಟ ಏಜೆಂಟನ ಹತ್ತಿರ ಬೇಡ.

ದನಿ ನಿಮ್ಮದೇ ಇರಲಿ

ಕಂಪನಿಯವರು ಕೊಡುವ ರೆಡಿ ಕನ್ನಡ ದನಿ ನಮ್ಮ ಕಡೆಯ ಹಿರಿಯರಿಗೆ ರೇಡಿಯೋ ವಾರ್ತೆ ಕೇಳಿದಂಗೆ ಆಗುತ್ತದೆ. "ದಯವಿಟ್ಟು ನಿಮ್ಮ ಆಯ್ಕೆಯನ್ನು ನಮೂದಿಸಿ" ಅಂದರೆ ಅಜ್ಜ ಫೋನ್ ಇಡ್ತಾನೆ. ನೀವೇ ರೆಕಾರ್ಡ್ ಮಾಡಿ. ಹೀಗೆ:

"ನಮಸ್ಕಾರ ರೀ. ಭತ್ತ ಕೊಯ್ಯಾಕ ಮಷಿನ್ ಬೇಕಂದ್ರ ಒಂದು ಒತ್ರಿ. ಟ್ರ್ಯಾಕ್ಟರ್ ಬೇಕಂದ್ರ ಎರಡು ಒತ್ರಿ. ಏನೂ ಒತ್ತದಿದ್ರೂ ನಡೀತದ, ಹಂಗ ಹಿಡಕೊಂಡ ಇರ್ರಿ, ನಾವ ಮಾತಾಡ್ತೀವಿ."

ಮೊದಲು ಕೆಲಸ, ಆಮೇಲೆ ಅಂಕಿ ಅನ್ನೋದನ್ನು ನೋಡಿ. "ಒಂದು ಒತ್ತಿದರೆ ಮಷಿನ್" ಅಂದರೆ ಮಷಿನ್ ಅನ್ನೋದು ಕಿವಿಗೆ ಬೀಳುವಷ್ಟರಲ್ಲಿ ಅಂಕಿ ಮರೆತಿರುತ್ತದೆ. ಎರಡು, ಹೆಚ್ಚೆಂದರೆ ಮೂರು ಆಯ್ಕೆ ಸಾಕು. ಕೊನೆಯ ಸಾಲು ಬಿಡಲೇಬೇಡಿ. ಒತ್ತಲು ಬಾರದವರನ್ನು ಕಳೆದುಕೊಳ್ಳಲು ಯಾರಾದರೂ ದುಡ್ಡು ಕೊಡ್ತಾರೇನು? ಕಾಲುವೆ ಭಾಗದಲ್ಲಿ ತೆಲುಗು ಮಾತಾಡುವ ಗಿರಾಕಿಗಳು ಹೆಚ್ಚಿದ್ದರೆ ತೆಲುಗಿನಲ್ಲೂ ಒಂದು ಸಾಲು ಸೇರಿಸಿ.

ಕರೆ ಬಂದಾಗ ಎಲ್ಲರ ಫೋನ್ ಒಟ್ಟಿಗೆ ರಿಂಗ್ ಆಗಬೇಕೋ, ಒಬ್ಬರಾದ ಮೇಲೆ ಒಬ್ಬರದೋ ಅಂತ ಕೇಳುತ್ತದೆ. ಸುಗ್ಗಿಯಲ್ಲಿ ಒಟ್ಟಿಗೆ ಇಡಿ. ಒಬ್ಬರಾದ ಮೇಲೆ ಒಬ್ಬರು ಅಂದ್ರೆ ನಾಲ್ಕನೆಯವನ ಫೋನ್ ರಿಂಗ್ ಆಗುವಷ್ಟರಲ್ಲಿ ಒಂದೂವರೆ ನಿಮಿಷ ಹೋಗಿರುತ್ತದೆ. ಮಷಿನ್ ಡ್ರೈವರ್ ನಂಬರ್ ಸೇರಿಸಬೇಡಿ, ಅವನು ಕೆಲಸ ಮಾಡಲಿ. ಮನೆಯಲ್ಲಿದ್ದು ಫೋನ್ ಎತ್ತುವ ಅಕ್ಕನೋ ತಂಗಿಯೋ ಇದ್ದರೆ ಅವರನ್ನೇ ಮೊದಲ ಸಾಲಿಗೆ ಹಾಕಿ, ಲೆಕ್ಕವೂ ನೀಟಾಗಿ ಇರುತ್ತದೆ. ಆ ಕೆಲಸಕ್ಕೆ ಕೂಲಿ ಕಟ್ಟಿ ಕೊಡಿ.

ಕರೆಯನ್ನು ಆ್ಯಪ್ ಮೂಲಕ ಇಂಟರ್ನೆಟ್‌ನಲ್ಲೂ ಪಡೆಯಬಹುದು, ಮಾಮೂಲಿ ಮೊಬೈಲ್ ಕರೆಯಾಗಿಯೂ ಪಡೆಯಬಹುದು. ಹೊಲದಲ್ಲಿ ನೆಟ್ ಬಂದು ಹೋಗಿ ಮಾಡುವ ಕಡೆ ಎರಡನೆಯದನ್ನೇ ಆರಿಸಿ. ಫೋನ್ ಎತ್ತುವವರ ಸಿಮ್‌ಗಳು ಬೇರೆ ಬೇರೆ ಕಂಪನಿಯವಾಗಿದ್ದರೆ ಒಂದು ಟವರ್ ಬಿದ್ದರೂ ಇನ್ನೊಂದು ಹಿಡಿಯುತ್ತದೆ.

ದುಡ್ಡಿನ ಲೆಕ್ಕ

ಬಿಲ್ಲಿನಲ್ಲಿ ಎರಡು ಭಾಗ ಇರುತ್ತವೆ. ನಂಬರಿನ ಬಾಡಿಗೆ ಒಂದು, ಸರ್ವರಿನಿಂದ ನಿಮ್ಮ ಮೊಬೈಲಿಗೆ ಬರುವ ಕರೆಯ ನಿಮಿಷದ ದರ ಇನ್ನೊಂದು. ಮಾರುವವರು ಮೊದಲನೆಯದನ್ನಷ್ಟೇ ಜೋರಾಗಿ ಹೇಳುತ್ತಾರೆ. ದಿನಕ್ಕೆ 60 ಕರೆ, ಒಂದಕ್ಕೆ 2 ನಿಮಿಷ, 45 ದಿನ ಅಂದರೆ 5,400 ನಿಮಿಷ. ನಿಮಿಷಕ್ಕೆ 50 ಪೈಸೆ ಅಂತ ಲೆಕ್ಕಕ್ಕೆ ಹಿಡಿದರೆ 2,700 ರೂಪಾಯಿ, ಮೇಲೆ 18% ಜಿಎಸ್‌ಟಿ 486, ಒಟ್ಟು 3,186. ಇದಕ್ಕೆ ನಂಬರಿನ ಬಾಡಿಗೆ ಸೇರಿಸಿ. ನಿಮಗೆ ಹೇಳಿದ ದರ ಹಾಕಿ ನೀವೇ ಗುಣಿಸಿ ನೋಡಿ. ಪಲ್ಸ್ ಎಷ್ಟು ಅಂತಲೂ ಕೇಳಿ. 60 ಸೆಕೆಂಡ್ ಪಲ್ಸ್ ಇದ್ದರೆ 61 ಸೆಕೆಂಡ್ ಮಾತಾಡಿದರೂ ಎರಡು ನಿಮಿಷದ ದುಡ್ಡು. ವರ್ಷದ ಪ್ಲಾನ್ ಅಗ್ಗ ಅಂತ ಮೊದಲೇ ಕಟ್ಟಬೇಡಿ, ಒಂದು ಸುಗ್ಗಿಗೆ ಮೂರು ತಿಂಗಳು ಸಿಗುತ್ತದೋ ವಿಚಾರಿಸಿ. ಸುಗ್ಗಿ ಆದ ಮೇಲೆ ನಂಬರ್ ಉಳಿಸಿಕೊಳ್ಳಲು ಕಡಿಮೆ ಎಷ್ಟು ಕಟ್ಟಬೇಕು ಅನ್ನೋದೂ ಅದೇ ದಿನ ಗೊತ್ತಾಗಲಿ.

ಕಾನೂನಿನ ಎರಡು ಮಾತು

ನಿಮಗೆ ಕರೆ ಮಾಡಿದವರಿಗೆ ತಿರುಗಿ ಕರೆ ಮಾಡಲು ಅಡ್ಡಿಯಿಲ್ಲ. ಆದರೆ ಎಲ್ಲಿಂದಲೋ ಸಿಕ್ಕ ಸಾವಿರ ನಂಬರಿಗೆ "ನಮ್ಮ ಮಷಿನ್ ಬಂದಿದೆ" ಅಂತ ರೆಕಾರ್ಡ್ ಕರೆ ಬಿಡಬೇಡಿ. ಜಾಹೀರಾತು ಕರೆಗೆ 140ರಿಂದ ಶುರುವಾಗುವ ನಂಬರೇ ಬೇಕು, ನೋಂದಣಿ ಬೇಕು. ಜನ 1909ಕ್ಕೆ ದೂರು ಕೊಟ್ಟರೆ ನಿಮ್ಮ ಲೈನ್ ಬಂದ್ ಆಗಬಹುದು. ಕರೆ ಆದ ಮೇಲೆ ತಾನಾಗಿಯೇ ಎಸ್‌ಎಂಎಸ್ ಹೋಗುವ ಸೌಲಭ್ಯಕ್ಕೂ ಡಿಎಲ್‌ಟಿ ನೋಂದಣಿ ಆಗಬೇಕು, ಸಂದೇಶದ ಮಾದರಿಗೆ ಮೊದಲೇ ಒಪ್ಪಿಗೆ ಪಡೆಯಬೇಕು. ಸಣ್ಣ ವ್ಯವಹಾರಕ್ಕೆ ಆ ಓಡಾಟ ಹೆಚ್ಚು. ಪಾಳಿ ಯಾವತ್ತು ಅಂತ ಬಾಯಲ್ಲೇ ಹೇಳಿ.

ಕರೆ ರೆಕಾರ್ಡ್ ಮಾಡುವುದಾದರೆ ಶುರುವಿನಲ್ಲೇ "ಈ ಮಾತು ರೆಕಾರ್ಡ್ ಆಗ್ತದ್ರಿ" ಅಂತ ಹೇಳಿಸಿ. ಜನರ ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲಿ ಕಾಯ್ದೆಯೇ ಬಂದಿದೆ. ಯಾರ ಗದ್ದೆ ಎಷ್ಟು ಎಕರೆ, ಯಾವಾಗ ಕೊಯ್ತಾರೆ ಅನ್ನೋ ಪಟ್ಟಿ ಭತ್ತದ ದಲ್ಲಾಳಿಗೆ ಬಂಗಾರದಂಥ ಮಾಹಿತಿ. ಕೇಳಿಕೊಂಡು ಬರ್ತಾರೆ, ಕೊಡಬೇಡಿ.

ಭತ್ತ ಹಾಲು ಕಟ್ಟುವ ಹೊತ್ತಿಗೆ ಟ್ರಯಲ್ ಶುರು ಮಾಡಿದರೆ ಕೊಯ್ಲಿಗೆ ಮುಂಚೆ ಕೈಗೆ ಹತ್ತುತ್ತದೆ. ಮೊದಲ ಪರೀಕ್ಷೆಗೆ ಮನೆಯ ಹಿರಿಯರ ಕೈಗೆ ಗುಂಡಿ ಫೋನ್ ಕೊಟ್ಟು, ಏನೂ ಹೇಳಿಕೊಡದೆ ಆ ನಂಬರಿಗೆ ಹಚ್ಚಲು ಹೇಳಿ. ಅವರಿಗೆ ಎಲ್ಲಿ ತಡವರಿಸಿತೋ ಅಲ್ಲಿ ನಿಮ್ಮ ರೆಕಾರ್ಡಿಂಗ್ ತಿದ್ದಿ.